ಬಫಿ ಆ ಬೀಜ ಒಡೆದದ್ದು ಸರಿಯಾ? (ಎಂಟನೇ ಸೀಸನ್ ಕಾಮಿಕ್, ಕೊನೆತನಕ ಕಥೆ ಬಯಲಾಗುತ್ತದೆ, ಓದದವರು ಈಗಲೇ ಹೊರಡಿ)

ಮಳೆಗಾಲದ_ಹುಡುಗಿ (ಮೂಡಿಗೆರೆ)

ಮೂರು ದಿನದಿಂದ ನಮ್ಮ ಕಡೆ ಕರೆಂಟ್ ಇಲ್ಲ. ಸಿಲ್ವರ್ ಓಕ್ ಮರ ಲೈನ್ ಮೇಲೆ ಮಲಗಿದೆ, ಮಳೆ ಬಿಡುವು ಕೊಡದೆ ಯಾರೂ ಬರುವುದಿಲ್ಲ. ಟ್ಯಾಬ್ ಸತ್ತಾಗಲೆಲ್ಲ ಜೀಪಿನಲ್ಲಿ ಕೂತು ಚಾರ್ಜ್ ಮಾಡಿಕೊಂಡು, ಕಾಲಿಗೆ ಹತ್ತಿದ ಜಿಗಣೆ ಕಿತ್ತುಕೊಂಡು, ಅಂತೂ ಬಫಿ ಎಂಟನೇ ಸೀಸನ್ 40 ಸಂಚಿಕೆ ಮುಗಿಸಿದೆ. ಮಾತಾಡೋಕೆ ಮನೆಯಲ್ಲಿ ಯಾರೂ ಇಲ್ಲ. ಅಪ್ಪನಿಗೆ ಹೇಳಿದರೆ "ಪಿಶಾಚಿ ಕಥೇನಾ?" ಎಂದು ಕೇಳಿ ರೇಡಿಯೋ ಹಾಕಿಕೊಂಡರು. ಅದಕ್ಕೇ ಇಲ್ಲಿಗೆ ಬಂದೆ.

ಗೊತ್ತಿಲ್ಲದವರಿಗೆ ಎರಡು ಸಾಲು. ಬಫಿ ಅಂದರೆ ವ್ಯಾಂಪೈರ್ (ರಕ್ತ ಹೀರುವ ಪಿಶಾಚಿ), ದೆವ್ವಗಳನ್ನು ಬೇಟೆಯಾಡುವ ಹುಡುಗಿ, ಅಂಥ ಶಕ್ತಿ ಇರುವವಳಿಗೆ ಸ್ಲೇಯರ್ ಎನ್ನುತ್ತಾರೆ. ಟಿವಿಯಲ್ಲಿ 1997ರಿಂದ 2003ರವರೆಗೆ ಏಳು ಸೀಸನ್, 144 ಕಂತು ಬಂತು. ಅದು ಮುಗಿದು ನಾಲ್ಕು ವರ್ಷದ ಮೇಲೆ, 2007ರಲ್ಲಿ, ಡಾರ್ಕ್ ಹಾರ್ಸ್‌ನವರು ಕಥೆಯನ್ನು ಕಾಮಿಕ್‌ನಲ್ಲಿ ಮುಂದುವರಿಸಿದರು. 2011ಕ್ಕೆ ಮುಗಿಯಿತು. ಅಭಿಮಾನಿಗಳು ಸುಮ್ನೆ ಬರೆದುಕೊಂಡದ್ದಲ್ಲ, ಧಾರಾವಾಹಿ ಮಾಡಿದ ಜಾಸ್ ವೀಡನ್ ಅವರೇ ಮೇಲ್ವಿಚಾರಣೆ ನೋಡಿಕೊಂಡರು. ಮೊದಲ ಕಥೆಯನ್ನೂ ಕೊನೆಯದನ್ನೂ ಬರೆದದ್ದರಲ್ಲಿ ಅವರ ಕೈ ಇದೆ.

ಈಗ ವಿಷಯ. ಕೊನೆಯಲ್ಲಿ ಬೇರೆ ಲೋಕದ ದೆವ್ವಗಳೆಲ್ಲ ಭೂಮಿಗೆ ನುಗ್ಗುತ್ತಿವೆ. ಬಫಿಯ ಊರು ಸನಿಡೇಲ್ ಕುಸಿದ ಗುಂಡಿಯ ಅಡಿಯಲ್ಲಿ ಒಂದು ಬೀಜ ಇದೆ, ಲೋಕದ ಮಂತ್ರಶಕ್ತಿಗೆಲ್ಲ ಅದೇ ಬೇರು. ಬಫಿ ತನ್ನ ಕೆಂಪು ಕೊಡಲಿಯಿಂದ ಅದನ್ನು ಒಡೆಯುತ್ತಾಳೆ. ದೆವ್ವಗಳ ದಾರಿ ಮುಚ್ಚಿತು. ಜೊತೆಗೆ ಮಂತ್ರಶಕ್ತಿಯೂ ಹೋಯಿತು. ಅವಳ ಗೆಳತಿ, ಮಂತ್ರವಾದಿ ವಿಲೋ ಸಾಮಾನ್ಯ ಹುಡುಗಿಯಾದಳು. ಇನ್ನು ಮುಂದೆ ಹೊಸ ಸ್ಲೇಯರ್ ಹುಟ್ಟುವುದಿಲ್ಲ. ಲೋಕ ಉಳಿಸಿದವಳಿಗೆ ಎಲ್ಲರೂ ಛೀಮಾರಿ ಹಾಕಿದರು.

ನನ್ನ ಪ್ರಕಾರ ಅವಳು ಮಾಡಿದ್ದು ಸರಿ. ಆದರೆ "ಸರಿ" ಎಂದು ಬರೆಯುವಾಗ ಏನೋ ಕೈ ಹಿಡಿದ ಹಾಗಾಗುತ್ತಿದೆ. ಏನದು ಅಂತ ನೀವೇ ಹೇಳಿ.

ಅರಸೀಕೆರೆ_ಕೊಬ್ಬರಿ

ಕೈ ಹಿಡಿಯುತ್ತಿರುವುದು ನಿಮ್ಮ ಬುದ್ಧಿ. ಅದರ ಮಾತು ಕೇಳಿ.

ಬೆಂಕಿ ಆರಿಸಿದ್ದಕ್ಕೆ ಚಪ್ಪಾಳೆ ಹೊಡೆಯುವ ಮೊದಲು ಬೆಂಕಿ ಹಚ್ಚಿದವರು ಯಾರು ಎಂದು ನೋಡಬೇಕಲ್ವಾ? ಟ್ವಿಲೈಟ್ ಎಂಬ ಮುಖವಾಡದವನು ಅವಳ ಸೈನ್ಯದ ಸ್ಲೇಯರ್ ಹುಡುಗಿಯರನ್ನು ಬೇಟೆಯಾಡಿಸುತ್ತಾನೆ. ಎಷ್ಟೋ ಸ್ಲೇಯರ್‌ಗಳು ಸತ್ತರು. ಮುಖವಾಡ ತೆಗೆದರೆ ಏಂಜೆಲ್, ಅವಳ ಹಳೇ ಪ್ರಿಯಕರ, ವ್ಯಾಂಪೈರ್. ಇವಳು ಏನು ಮಾಡಿದಳು? ಎರಡು ಏಟು ಹಾಕಿದಳು, ಆಮೇಲೆ ಆಕಾಶದಲ್ಲಿ ಹಾರಿಕೊಂಡು ಅವನ ಜೊತೆ ಮಲಗಿದಳು. ಅದರಿಂದಲೇ ಹೊಸ ಲೋಕ ಹುಟ್ಟಿ ಹಳೇ ಲೋಕ ಬಿರುಕು ಬಿಟ್ಟದ್ದು. ಕೆಳಗೆ ಅವಳ ಸ್ನೇಹಿತರು ಸತ್ತವರ ಹೆಣ ಎಣಿಸುತ್ತಿದ್ದರು.

ಅದಕ್ಕೂ ಮೊದಲು ಸ್ವಿಸ್ ಬ್ಯಾಂಕ್ ದರೋಡೆ. ಅದನ್ನು ಯಾಕೆ ಯಾರೂ ಎತ್ತುವುದಿಲ್ಲ? "ಯಾರಿಗೂ ನೋವಾಗಿಲ್ಲ" ಅಂತೆ. ಅಮೆರಿಕದ ಸೈನ್ಯದವರಿಗೆ ಸ್ಲೇಯರ್‌ಗಳು ಅಪಾಯ ಎನ್ನಲು ಕಾರಣ ಸಿಕ್ಕಿದ್ದೇ ಇಂಥವುಗಳಿಂದ.

ಬೇಲೂರು_ಬಸ್‌ಸ್ಟ್ಯಾಂಡ್

ಬಂದರು ಕೊಬ್ಬರಿ ಸಾಹೇಬರು. ಹಬ್ಬ ಶುರು.

ಒಂದೊಂದಾಗಿ ಬರುತ್ತೇನೆ. ಮೊದಲು ಬ್ಯಾಂಕ್. ಸ್ಕಾಟ್ಲೆಂಡಿನ ಕೋಟೆ, ಹೆಲಿಕಾಪ್ಟರು, ಲೋಕದ ತುಂಬ ಹತ್ತು ತಂಡ, ಅವಳ ಜೊತೆ ಕೆಲಸ ಮಾಡುವ ಹುಡುಗಿಯರೇ ಹತ್ತಿರ ಹತ್ತಿರ 500. ಅಷ್ಟು ಹುಡುಗಿಯರಿಗೆ ಊಟ ಹಾಕೋಕೆ ದುಡ್ಡು ಎಲ್ಲಿಂದ ಬರಬೇಕು? ನಾನು ಹಾಸನದಲ್ಲಿ ಹಾಸ್ಟೆಲ್ ಮೆಸ್ ಲೆಕ್ಕ ಒಂದು ವರ್ಷ ನೋಡಿಕೊಂಡವನು. 60 ಜನಕ್ಕೆ ತಿಂಗಳ ಕೊನೆ ವಾರ ಸಾರಿಗೆ ಬೇಳೆ ಇರುತ್ತಿರಲಿಲ್ಲ. ಟಿವಿಯಲ್ಲೂ ಬಫಿಗೆ ದುಡ್ಡಿನ ಕಷ್ಟ ಇತ್ತು ನೆನಪಿದೆಯಾ? ಆರನೇ ಸೀಸನ್‌ನಲ್ಲಿ ಬರ್ಗರ್ ಅಂಗಡಿಯಲ್ಲಿ ಪಟ್ಟೆಪಟ್ಟೆ ಸಮವಸ್ತ್ರ ಹಾಕಿಕೊಂಡು ನಿಂತಿದ್ದಳು. ಒಬ್ಬಳಿದ್ದಾಗ ಹಾಗೆ ನಡೆಯುತ್ತದೆ. 500 ಜನರ ಹೊಟ್ಟೆಗೆ ಬರ್ಗರ್ ಅಂಗಡಿ ಸಾಲದು. ಕಳ್ಳತನ ಸರಿ ಎನ್ನುತ್ತಿಲ್ಲ. ಅವಳಿಗೆ ಯಾಕೆ ಹಾಗೆ ಅನ್ನಿಸಿತು ಅಂತ ಅರ್ಥವಾಗುತ್ತದೆ ಎನ್ನುತ್ತಿದ್ದೇನೆ ಅಷ್ಟೆ.

ಎರಡನೆಯದು ಆಕಾಶದ ಪ್ರಕರಣ. ಅವರಿಬ್ಬರನ್ನು ಆ ಹೊಸ ಲೋಕವೇ ಎಳೆಯುತ್ತಿತ್ತು ಎಂದು ಕಥೆಯಲ್ಲೇ ಸ್ಪಷ್ಟವಾಗಿ ಇದೆ. ಮತ್ತೆ ನೀವು ಬೇಕಂತಲೇ ಬಿಟ್ಟದ್ದು ಒಂದು ಇದೆ. ಆ ಹೊಸ ಲೋಕ ಸ್ವರ್ಗ. ಅಲ್ಲೇ ಇರಬಹುದಿತ್ತು. ಕೆಳಗೆ ಸ್ನೇಹಿತರು ಸಾಯುವುದನ್ನು ನೋಡಿ ವಾಪಸ್ ಇಳಿದು ಬಂದಳು. ಅವಳ ಆಯ್ಕೆ ಎಂದರೆ ನನಗೆ ಅದು.

ಟಿವಿ_ಸಾಕು

ಈ ಚರ್ಚೆಯೇ ತಪ್ಪು. ಕಾಮಿಕ್ ಲೆಕ್ಕಕ್ಕಿಲ್ಲ. ಟಿವಿಯ ಕೊನೆಯಲ್ಲಿ ಗುಂಡಿಯ ಅಂಚಿನಲ್ಲಿ ಬಫಿ ನಕ್ಕಳು, ಕಥೆ ಮುಗಿಯಿತು. ಬಫಿಯ ತಂಗಿ ಡಾನ್ ದೈತ್ಯಳಾಗುವುದು, ಆಮೇಲೆ ಅರ್ಧ ಕುದುರೆಯಾಗುವುದು, ಆಮೇಲೆ ಗೊಂಬೆಯಾಗುವುದು, ಇದನ್ನೆಲ್ಲ ಯಾರಿಗಾದರೂ ಹೇಳಿ ನೋಡಿ, ಮುಖ ನೋಡುತ್ತಾರೆ. ಜೊತೆಗೆ ಚಿತ್ರಗಳಲ್ಲಿ ಯಾರು ಯಾರೆಂದೇ ಗೊತ್ತಾಗುವುದಿಲ್ಲ.

ಬೇಲೂರು_ಬಸ್‌ಸ್ಟ್ಯಾಂಡ್

ಟಿವಿಯಲ್ಲಿ ದೈತ್ಯ ಡಾನ್‌ಳನ್ನು ತೋರಿಸೋಕೆ ದುಡ್ಡಿರಲಿಲ್ಲ, ಕಾಗದದ ಮೇಲೆ ಎಲ್ಲ ಒಂದೇ ರೇಟು. ಸಿಕ್ಕಿತು ಅಂತ ಸ್ವಲ್ಪ ಜಾಸ್ತಿಯೇ ಖರ್ಚು ಮಾಡಿದರು, ಒಪ್ಪುತ್ತೇನೆ. ಆದರೆ ಲೆಕ್ಕಕ್ಕಿಲ್ಲ ಎನ್ನಬೇಡಿ, 2008ರಲ್ಲಿ ಹೊಸ ಸರಣಿ ವಿಭಾಗದಲ್ಲಿ, ಕಾಮಿಕ್‌ಗಳಿಗೆ ಕೊಡುವ ಐಸ್ನರ್ ಪ್ರಶಸ್ತಿ ಬಂದಿದೆ. ಚಿತ್ರದ ವಿಷಯದಲ್ಲಿ ಮಾತ್ರ ಅರ್ಧ ನಿಮ್ಮ ಕಡೆ. ಒಳಗೆ ಜಾರ್ಜಸ್ ಜೀಂಟಿ ಬರೆದದ್ದು ಓಡುತ್ತದೆ, ಜಿಗಿಯುತ್ತದೆ, ಮುಖದ ಹೋಲಿಕೆಗೆ ತಲೆ ಕೆಡಿಸಿಕೊಳ್ಳುವುದಿಲ್ಲ. ಹೊರಗೆ ಜೋ ಚೆನ್ ಮುಖಪುಟ ನೋಡಿದರೆ ಕಣ್ಣು ಕೀಳೋಕಾಗುವುದಿಲ್ಲ. ನಮ್ಮ ಊರಿನ ದೇವಸ್ಥಾನದ ಹಾಗೆ ಅಂದುಕೊಳ್ಳಿ. ಮೇಲೆ ಮದನಿಕೆ, ಬುಡದ ಸಾಲಿನಲ್ಲಿ ಆನೆ. ಆನೆಗಳಿಗೆ ಯಾರಾದರೂ ಮುಖ ನೋಡಿ ಹೆಸರಿಟ್ಟಿದ್ದಾರಾ?

ವಿಲೋ_ಕಡೆಯವಳು (ಹಾಸನ)

ಆನೆ ಆಮೇಲೆ. ವಿಲೋ ಬಗ್ಗೆ ಯಾರೂ ಮಾತಾಡುತ್ತಿಲ್ಲ.

ಏಳನೇ ಸೀಸನ್ ಕೊನೆಯಲ್ಲಿ ಲೋಕದ ಎಲ್ಲ ಹುಡುಗಿಯರಿಗೆ ಶಕ್ತಿ ಹಂಚಿದ್ದು ಯಾರ ಕೈ? ಯೋಜನೆ ಬಫಿಯದು, ಕೂದಲು ಬೆಳ್ಳಗಾಗುವಷ್ಟು ಮಂತ್ರ ಹಾಕಿದ್ದು ವಿಲೋ. ಎಂಟನೇ ಸೀಸನ್ ಪೂರ್ತಿ ಆ ಸೈನ್ಯಕ್ಕೆ ರಕ್ಷಣೆ ಕೊಟ್ಟವಳು ವಿಲೋ. ಟಿಬೆಟ್‌ನಲ್ಲಿ ಹಳೇ ಗೆಳೆಯ ಓಝ್ ಹತ್ತಿರ ಹೋಗಿ ಬಫಿ ಮಂತ್ರ ಬಿಡಿ, ಶಕ್ತಿ ಬಿಡಿ, ಬಂದೂಕು ಹಿಡಿಯಿರಿ ಎಂದಾಗಲೂ ಜೊತೆಗೆ ಹೋದಳು, ಅದೂ ಕೈಕೊಟ್ಟಿತು. 16ರಿಂದ 19ನೇ ಸಂಚಿಕೆಯಲ್ಲಿ ಬಫಿ ಭವಿಷ್ಯಕ್ಕೆ ಹೋಗಿ ಅಲ್ಲಿನ ಮುದಿ ವಿಲೋಳನ್ನು ಕೊಂದೂ ಬಂದಳು. ಇಷ್ಟೆಲ್ಲ ಆದ ಮೇಲೆ ಆ ಬೀಜ. ವಿಲೋಗೆ ಮಂತ್ರ ಅಂದರೆ ಬರೀ ಆಯುಧ ಅಲ್ಲ. ನಾವು ಹಾಡುವವರ ಗಂಟಲು ಕಿತ್ತ ಹಾಗೆ.

ಒಡೆಯಲಿ. ಬೇರೆ ದಾರಿ ಇರಲಿಲ್ಲ ಎಂದೇ ಇಟ್ಟುಕೊಳ್ಳೋಣ. ಒಂದು ಮಾತು ಕೇಳೋಕೆ ಏನಾಗಿತ್ತು?

ಬೇಲೂರು_ಬಸ್‌ಸ್ಟ್ಯಾಂಡ್

ಕೇಳೋಕೆ ಸಮಯ ಎಲ್ಲಿತ್ತು? ಅವಳ ಕಣ್ಣೆದುರೇ ಅವಳ ಗುರು ಜೈಲ್ಸ್ ಕತ್ತು ಮುರಿದು ಬಿದ್ದಿದ್ದಾರೆ. ಮುರಿದದ್ದು ಏಂಜೆಲ್ ಕೈ, ಅವನ ಮೈಮೇಲೆ ಬಂದದ್ದು ಟ್ವಿಲೈಟ್, ಅಂದರೆ ಅದೇ ಹೆಸರಿನ ಆ ಹೊಸ ಲೋಕದ ಶಕ್ತಿ. ಹದಿನಾರು ವರ್ಷದಿಂದ ತಂದೆ ಹಾಗೆ ನೋಡಿಕೊಂಡವರು. ಆ ಕ್ಷಣದಲ್ಲಿ ಮೀಟಿಂಗ್ ಕರೆಯಬೇಕಿತ್ತಾ, ಹಾಜರಿ ಪುಸ್ತಕಕ್ಕೆ ಸಹಿ ಹಾಕಿಸಿ?

ತಮಾಷೆ ಅಲ್ಲ, ಇದು ನನಗೆ ಬೇಜಾರಾದ ಜಾಗ. ನಮ್ಮ ಕಡೆ ಕಥೆ ಇದೆಯಲ್ಲ, ಅಂಗಡಿಯ ವಾಸಂತಿಕಾ ಗುಡಿಯಲ್ಲಿ ಹುಲಿ ಬಂದಾಗ ಗುರುಗಳು "ಹೊಯ್ ಸಳ" ಎಂದರು, ಸಳ ಹೊಡೆದ. ಅವನಿಗೆ ಹೊಡೆ ಎನ್ನಲು ಒಬ್ಬರಿದ್ದರು. ಹೊಡೆದದ್ದು ತಪ್ಪಾಗಿದ್ದರೂ ಮಾತು ಗುರುವಿನ ಮೇಲೆ ಹೋಗುತ್ತಿತ್ತು. ಬಫಿಗೆ ಹೊಯ್ ಎನ್ನಬೇಕಾದವರು ಪಕ್ಕದಲ್ಲೇ ಹೆಣವಾಗಿದ್ದರು. ತಾನೇ ಹೇಳಿಕೊಂಡು ತಾನೇ ಹೊಡೆದಳು.

ಅರಸೀಕೆರೆ_ಕೊಬ್ಬರಿ

ಸಳನ ಉಪಮೆ ಚೆನ್ನಾಗಿದೆ, ಕೊಟ್ಟುಬಿಟ್ಟೆ. ಆದರೆ ಹದಿನಾರು ವರ್ಷ ಎಲ್ಲಿಂದ ಬಂತು? ಅವಳಿಗೆ ಆಗ ಹದಿನಾರು ವರ್ಷ ಇತ್ತು, ಮೊದಲ ಸೀಸನ್‌ನಲ್ಲಿ. ಪರಿಚಯ ಅಷ್ಟು ಹಳೇದಲ್ಲ.

ಬೇಲೂರು_ಬಸ್‌ಸ್ಟ್ಯಾಂಡ್

ಹೌದು, ತಪ್ಪಾಯಿತು. ಅಳುತ್ತಾ ಟೈಪ್ ಮಾಡಿದರೆ ಹೀಗೇ.

ಕಾಂಡಕೊರಕ (ಬಾಳೆಹೊನ್ನೂರು ಹತ್ತಿರ)

ಸುಮ್ನೆ ಓದಿಕೊಂಡು ಹೋಗುವವನು, ಇವತ್ತು ಬರೆಯಲೇಬೇಕು ಅನ್ನಿಸಿತು. ನನ್ನ ಹೆಸರು ನೋಡಿ ನಗಬೇಡಿ, ಅದಕ್ಕೂ ಇದಕ್ಕೂ ಸಂಬಂಧ ಇದೆ.

ಅರೇಬಿಕಾ ಬೆಳೆಯುವವರಿಗೆ ಬಿಳಿ ಕಾಂಡಕೊರಕ ಅಂದರೆ ಏನು ಎಂದು ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳುತ್ತೇನೆ. ಜೀರುಂಡೆ ತೊಗಟೆಯ ಸೀಳಿನಲ್ಲಿ ಮೊಟ್ಟೆ ಇಡುತ್ತದೆ, ಮರಿಹುಳ ಕಾಂಡದೊಳಗೆ ಸುರಂಗ ಕೊರೆಯುತ್ತದೆ. ಹೊರಗಿನಿಂದ ಗಿಡ ಹಸಿರಾಗೇ ಇರುತ್ತದೆ, ಕಾಯಿಯೂ ಇರುತ್ತದೆ. ಬೆರಳಿಟ್ಟು ಕಾಂಡ ಸವರಿದರೆ ಉಂಗುರದ ಹಾಗೆ ಉಬ್ಬು ಸಿಗುತ್ತದೆ. ಅಷ್ಟೇ ಗುರುತು. ಸಿಕ್ಕಿದರೆ ಕಿತ್ತು ಸುಡಬೇಕು. ಹುಳ ಜೀರುಂಡೆಯಾಗಿ ಹಾರುವ ಮೊದಲೇ ಸುಡಬೇಕು. ಹಾರಾಟ ವರ್ಷಕ್ಕೆ ಎರಡು ಸಲ, ಏಪ್ರಿಲ್-ಮೇನಲ್ಲಿ ಒಮ್ಮೆ, ಅಕ್ಟೋಬರ್‌ನಿಂದ ಡಿಸೆಂಬರ್‌ಗೆ ಇನ್ನೊಮ್ಮೆ.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ನಮ್ಮ ಅಜ್ಜಿ ತೋಟದ ಕೆಳಗಿನ ಪಟ್ಟೆ ಪೂರ್ತಿ ಕೀಳಿಸಿದರು. ಸಾಲಿನಲ್ಲಿ ನಾಲ್ಕಕ್ಕೆ ಒಂದರಲ್ಲಿ ಉಂಗುರ ಸಿಕ್ಕಿತ್ತು. ಆಳುಗಳು ಕೀಳುತ್ತಿದ್ದಾರೆ, ಹಸಿರು ಕಾಯಿ ಇರುವ ಗಿಡ ಬೆಂಕಿಗೆ ಹೋಗುತ್ತಿದೆ, ಚಿಕ್ಕಪ್ಪ ಕೂಗಾಡುತ್ತಿದ್ದಾರೆ, ಅಜ್ಜಿ ಕೊಡೆ ಊರಿಕೊಂಡು ನಿಂತಿದ್ದಾರೆ. ಹೊಸ ಗಿಡ ಹಾಕಿದರೆ ಫಸಲಿಗೆ ಮೂರು ನಾಲ್ಕು ವರ್ಷ. ಅಷ್ಟು ವರ್ಷ ಮನೆಯಲ್ಲಿ ಯಾರೂ ಅವರ ಜೊತೆ ಸರಿಯಾಗಿ ಮಾತಾಡಲಿಲ್ಲ. ಮೇಲಿನ ಪಟ್ಟೆ ಉಳಿಯಿತು. ನಾನು ಓದಿದ್ದು ಆ ಮೇಲಿನ ಪಟ್ಟೆಯ ದುಡ್ಡಿನಲ್ಲಿ.

ಬಫಿ ಬೀಜ ಒಡೆಯುವ ಪುಟ ನೋಡಿದಾಗ ನನಗೆ ಆ ಕೊಡೆ ನೆನಪಾಯಿತು. ಅಷ್ಟೇ ಹೇಳೋಕೆ ಬಂದೆ.

ಅರಸೀಕೆರೆ_ಕೊಬ್ಬರಿ

ಅಜ್ಜಿಗೆ ಕೈ ಮುಗಿದೆ, ನಿಜವಾಗಿ. ಆದರೆ ನಿಮ್ಮ ಅಜ್ಜಿ ಕಿತ್ತದ್ದು ಅವರ ತೋಟದ ಗಿಡ. ಪಕ್ಕದ ತೋಟಕ್ಕೆ ನುಗ್ಗಿ, ಅವರದ್ದನ್ನೂ ಕಿತ್ತು, "ಎಲ್ಲರ ಒಳ್ಳೇದಕ್ಕೆ" ಎಂದಿದ್ದರೆ? ಬಫಿ ಮಾಡಿದ್ದು ಅದು. ಆ ಮಂತ್ರಶಕ್ತಿ ಅವಳ ಪಿತ್ರಾರ್ಜಿತ ಅಲ್ಲ.

ಕಾಂಡಕೊರಕ (ಬಾಳೆಹೊನ್ನೂರು ಹತ್ತಿರ)

ಜೀರುಂಡೆ ಬೇಲಿ ನೋಡಿಕೊಂಡು ಹಾರುವುದಿಲ್ಲ ಸಾರ್. ಆದರೆ ನಿಮ್ಮ ಮಾತಿನಲ್ಲಿ ಹುರುಳಿದೆ, ಯೋಚನೆ ಮಾಡುತ್ತೇನೆ.

ಚಾರ್ಮಾಡಿ_ತಿರುವು

ತಡವಾಗಿ ಬಂದೆ, ಕ್ಷಮಿಸಿ. ಯಾರೂ ಸಾತ್ಸು ಹೆಸರೇ ಎತ್ತಿಲ್ಲ! ನನಗೆ ಬಫಿಯ ಆಯ್ಕೆಗಳಲ್ಲಿ ಎಲ್ಲಕ್ಕಿಂತ ಚುಚ್ಚಿದ್ದು ಅದು.

ಶುರುವಿನಲ್ಲೇ ಬಫಿ ಮಾಯದ ನಿದ್ದೆಗೆ ಹೋಗುತ್ತಾಳೆ, ನಿಜವಾಗಿ ಪ್ರೀತಿಸುವವರು ಮುತ್ತಿಟ್ಟರೆ ಮಾತ್ರ ಎಚ್ಚರ. ಎಚ್ಚರವಾಗುತ್ತದೆ, ಯಾರು ಮುತ್ತಿಟ್ಟರು ಎಂದು ಗೊತ್ತಿಲ್ಲ, ತುಟಿಯ ಮೇಲೆ ದಾಲ್ಚಿನ್ನಿ ರುಚಿ ಉಳಿದಿರುತ್ತದೆ. ಆಮೇಲೆ 11ನೇ ಸಂಚಿಕೆಯಲ್ಲಿ ಆ ಹುಡುಗಿ ಸಾತ್ಸು ಎಂದು ತಿಳಿದು, ತನ್ನನ್ನು ಪ್ರೀತಿಸಿದವರಿಗೆಲ್ಲ ಕೇಡೇ ಆಗುತ್ತದೆ ಎಂದು ಅವಳಿಗೆ ಎಚ್ಚರಿಕೆ ಕೊಡುತ್ತಾಳೆ. 12ನೇ ಸಂಚಿಕೆ ತೆಗೆದರೆ ಇಬ್ಬರೂ ಒಂದೇ ಹಾಸಿಗೆಯಲ್ಲಿ. 2008ರಲ್ಲಿ ಇದು ದೊಡ್ಡ ಸುದ್ದಿ. ಹುಡುಗಿ ಜೊತೆ ಎಂಬುದರ ಬಗ್ಗೆ ನನಗೆ ಏನೂ ತಕರಾರಿಲ್ಲ. ತಕರಾರು ಏನೆಂದರೆ ಸಾತ್ಸುಗೆ ಅದು ಪ್ರೀತಿ, ಬಫಿಗೆ ಒಂಟಿತನ. ಅದು ಬಫಿಗೆ ಮೊದಲೇ ಗೊತ್ತಿತ್ತು. ಸಾಲದ್ದಕ್ಕೆ ಅವಳು ಸೇನಾಪತಿ, ಸಾತ್ಸು ಅವಳ ಕೈಕೆಳಗಿನ ಸೈನಿಕಿ. ಇದೇ ಕೆಲಸ ಒಬ್ಬ ಗಂಡಸು ಮಾಡಿದ್ದರೆ ನಾವೆಲ್ಲ ಏನು ಬರೆಯುತ್ತಿದ್ದೆವು?

ವಿಲೋ_ಕಡೆಯವಳು (ಹಾಸನ)

ಇದಕ್ಕೆ ನಾನು ಸ್ವಲ್ಪ ಬಫಿ ಕಡೆ, ಆಶ್ಚರ್ಯ ಪಡಬೇಡಿ. ಅವಳು ಸುಳ್ಳು ಹೇಳಲಿಲ್ಲ. ಮುಂದೆ ಏನೂ ಇಲ್ಲ ಎಂದು ಬಾಯಿಬಿಟ್ಟು ಹೇಳಿದಳು. ಸಾತ್ಸು ಟೋಕಿಯೋದಲ್ಲಿ ತಂಡ ನೋಡಿಕೊಳ್ಳಲು ಉಳಿದುಕೊಂಡಳು, ಕುಗ್ಗಿ ಕೂರಲಿಲ್ಲ. ನನಗೆ ಇಡೀ ಸರಣಿಯಲ್ಲಿ ದೊಡ್ಡವರ ಹಾಗೆ ನಡೆದುಕೊಂಡವಳು ಸಾತ್ಸು ಒಬ್ಬಳೇ.

ಟಿವಿ_ಸಾಕು

ಓದಿಲ್ಲ, ಆದರೂ ಓದುತ್ತಿದ್ದೇನೆ. ಅಂದರೆ ನಿಮ್ಮ ಜಗಳ ಓದುತ್ತಿದ್ದೇನೆ. ಮುಂದುವರಿಸಿ.

ನಿರ್ವಾಹಕ

ಒಂಬತ್ತು, ಹತ್ತನೇ ಸೀಸನ್ ವಿಷಯ ತರುವವರು ಸಾಲಿನ ಮೊದಲೇ ಎಚ್ಚರಿಕೆ ಹಾಕಿ. ಕೊಬ್ಬರಿ, ನೀವು ಅಳಿಸಿದ ಕಾಮೆಂಟ್ ನಾನು ನೋಡಿದ್ದೇನೆ. ಹಾಗೆ ಬರೆಯಬೇಡಿ.

ಮಳೆಗಾಲದ_ಹುಡುಗಿ (ಮೂಡಿಗೆರೆ)

ಜೀಪಿನಿಂದ ಬರೆಯುತ್ತಿದ್ದೇನೆ, ಉದ್ದ ಆಗುತ್ತದೆ.

ಕೊಬ್ಬರಿ ಅವರ "ಪಕ್ಕದ ತೋಟ" ಮಾತು ಓದಿದ ಮೇಲೆ ನನ್ನ ಕೈ ಹಿಡಿದದ್ದು ಏನೆಂದು ಗೊತ್ತಾಯಿತು. ವಿಲೋ ಕಡೆಯವಳು ಕೇಳಿದರಲ್ಲ, ಒಂದು ಮಾತು ಕೇಳೋಕೆ ಏನಾಗಿತ್ತು ಎಂದು? ನಾನು ಹಿಂದಕ್ಕೆ ಹೋದೆ. ಟಿವಿಯ ಕೊನೆಯ ಕಂತಿಗೆ. ಶಕ್ತಿ ಹಂಚುವಾಗ ಯಾರನ್ನು ಕೇಳಿದಳು?

ಆ ಕೋಣೆಯಲ್ಲಿದ್ದ ಹುಡುಗಿಯರನ್ನು ಕೇಳಿದಳು, ಸರಿ. ಅವರು ಎಷ್ಟು ಜನ, ಒಂದು ಬಸ್ ತುಂಬುವಷ್ಟು. ಲೋಕದಲ್ಲಿ ಶಕ್ತಿ ಬಂದದ್ದು ಸುಮಾರು 1,800 ಹುಡುಗಿಯರಿಗೆ. ಆ ಕಂತಿನಲ್ಲಿ ಚಿಕ್ಕ ಚಿಕ್ಕ ದೃಶ್ಯ ಬರುತ್ತವೆ. ಬೇಸ್‌ಬಾಲ್ ಬ್ಯಾಟ್ ಹಿಡಿದು ನಡುಗುತ್ತಿದ್ದ ಹುಡುಗಿಯ ತುಟಿಯಲ್ಲಿ ನಗು. ಹೊಡೆಯಲು ಬಂದ ಗಂಡಸಿನ ಕೈಯನ್ನು ಗಾಳಿಯಲ್ಲೇ ಹಿಡಿದು ನಿಲ್ಲಿಸುವ ಇನ್ನೊಬ್ಬ ಹುಡುಗಿ. ನಾನು ಅದನ್ನು ಮೊದಲ ಸಲ ನೋಡಿದ್ದು ಹಾಸ್ಟೆಲ್‌ನಲ್ಲಿ, ಗೆಳತಿಯ ಪೆನ್‌ಡ್ರೈವ್‌ನಿಂದ. ನಾವು ಆರು ಜನ ಒಂದೇ ಮಂಚದ ಮೇಲೆ ಕೂತು ಅತ್ತೆವು, ವಾರ್ಡನ್ ಬಂದು ಬಾಗಿಲು ತಟ್ಟಿದರು. ಯಾರೂ "ಆ ಹುಡುಗಿಯನ್ನು ಕೇಳಿದರಾ?" ಎನ್ನಲಿಲ್ಲ. ಯಾಕೆಂದರೆ ಸಿಕ್ಕಿದ್ದು ಒಳ್ಳೇದು, ಕೇಳೋದು ಏನಿದೆ?

ಆದರೆ ಏಂಜೆಲ್ ಧಾರಾವಾಹಿಯ ಐದನೇ ಸೀಸನ್‌ನಲ್ಲಿ ಡೇನಾ ಬರುತ್ತಾಳೆ, ನೆನಪಿದೆಯಾ? ಚಿಕ್ಕಂದಿನಲ್ಲಿ ಯಾರೋ ಹಿಂಸೆ ಕೊಟ್ಟು ಬುದ್ಧಿ ಕೆಟ್ಟು ಆಸ್ಪತ್ರೆಯಲ್ಲಿದ್ದ ಹುಡುಗಿ. ಅವಳಿಗೂ ಶಕ್ತಿ ಬಂತು. ಅವಳಿಂದ ಸ್ಪೈಕ್ ಎಂಬ ವ್ಯಾಂಪೈರ್ ಎರಡೂ ಕೈ ಕಳೆದುಕೊಂಡ. ಕಾಮಿಕ್‌ನ 5ನೇ ಸಂಚಿಕೆ ನೋಡಿ, ಬಫಿ ಹೆಸರು ಹೊತ್ತು ನೆಲದಡಿಯ ದೆವ್ವಗಳ ನಡುವೆ ನಕಲಿ ಬಫಿಯಾಗಿ ಕಾದು ಸತ್ತ ಹುಡುಗಿ. ಅವಳ ನಿಜವಾದ ಹೆಸರೇ ನಮಗೆ ಗೊತ್ತಾಗುವುದಿಲ್ಲ. ಇನ್ನೊಬ್ಬಳು ಸಿಮೋನ್, ಬಂದೂಕು ಹಿಡಿದು ತನ್ನದೇ ಗ್ಯಾಂಗ್ ಕಟ್ಟಿದಳು. ಇವರಲ್ಲಿ ಯಾರಾದರೂ ಅರ್ಜಿ ಹಾಕಿದ್ದರಾ?

ಹಂಚುವಾಗ ಕೇಳಲಿಲ್ಲ, ನಾವು ಕುಣಿದೆವು. ಕಿತ್ತುಕೊಳ್ಳುವಾಗ ಕೇಳಲಿಲ್ಲ, ಬೈಯುತ್ತಿದ್ದೇವೆ. ಎರಡೂ ಅದೇ ಕೊಡಲಿಯ ಕೆಲಸ, ಅದೇ ಕೈ. ಮೊದಲನೆಯದು ಸರಿ ಎಂದು ಒಪ್ಪಿದವರಿಗೆ ಎರಡನೆಯದರಲ್ಲಿ "ಯಾರು ಇವಳು ಕೇಳದೆ ಮಾಡೋಕೆ" ಎನ್ನುವ ಹಕ್ಕು ಇಲ್ಲ ಅನ್ನಿಸುತ್ತದೆ. ನನಗೂ ಇಲ್ಲ. ಹಾಗಾಗಿ ಬೀಜ ಒಡೆದದ್ದರ ಮೇಲೆ ನನ್ನ ಸಿಟ್ಟು ಕಮ್ಮಿಯಾಗಿದೆ. ತೊಂದರೆ ಏನೆಂದರೆ ಹಾಸ್ಟೆಲ್‌ನ ಆ ರಾತ್ರಿಯ ಖುಷಿಯೂ ಸ್ವಲ್ಪ ಕಮ್ಮಿಯಾಗಿದೆ.

ವಿಲೋ_ಕಡೆಯವಳು (ಹಾಸನ)

ಇದು ಅನ್ಯಾಯ. ನನ್ನ ಮೆಚ್ಚಿನ ಕಂತನ್ನು ಹೀಗೆ ಹಾಳು ಮಾಡಬಾರದಿತ್ತು.

ಆದರೂ ಒಂದು ವ್ಯತ್ಯಾಸ ಇದೆ. ಶಕ್ತಿ ಬಂದವಳು ಬೇಡ ಎಂದರೆ ಸುಮ್ನೆ ಕೂರಬಹುದು. ಹೋದವಳು ಬೇಕು ಎಂದರೆ ಏನು ಮಾಡಬೇಕು?

ಬೇಲೂರು_ಬಸ್‌ಸ್ಟ್ಯಾಂಡ್

ಶಕ್ತಿ ಬಂದವಳು ಸುಮ್ನೆ ಕೂರಬಹುದಾ? ಹಾರ್ಮನಿ ಎಂಬ ವ್ಯಾಂಪೈರ್ ಹುಡುಗಿಯ ರಿಯಾಲಿಟಿ ಶೋ ಆದ ಮೇಲೆ ಜನ ವ್ಯಾಂಪೈರ್‌ಗಳನ್ನು ತಲೆ ಮೇಲೆ ಹೊತ್ತರು, ಸ್ಲೇಯರ್ ಎಂದು ಗೊತ್ತಾದವಳು ಊರಿಗೆಲ್ಲ ಶತ್ರು. ಸುಮ್ನೆ ಕೂತಿದ್ದವಳ ಮನೆಗೂ ಕಲ್ಲು ಬೀಳುತ್ತಿತ್ತು ಅಂದುಕೊಳ್ಳಿ.

ಚಾರ್ಮಾಡಿ_ತಿರುವು

(ಒಂಬತ್ತನೇ ಸೀಸನ್ ಎಚ್ಚರಿಕೆ! ಓದದವರು ಈ ಕಾಮೆಂಟ್ ಬಿಟ್ಟು ಮುಂದೆ ಹೋಗಿ.)

ಒಡೆದದ್ದರ ಬಿಲ್ಲು ಮುಂದಿನ ಸೀಸನ್‌ನಲ್ಲಿ ಬರುತ್ತದೆ. ಬೀಜ ಇಲ್ಲದ ಮೇಲೆ ಹೊಸದಾಗಿ ಹುಟ್ಟುವ ವ್ಯಾಂಪೈರ್‌ಗಳ ಮೈಗೆ ದೆವ್ವ ಸರಿಯಾಗಿ ಸೇರುವುದಿಲ್ಲ, ಬುದ್ಧಿಯಿಲ್ಲದೆ ಸಿಕ್ಕಿದ್ದನ್ನು ಕಚ್ಚುತ್ತವೆ. ಅವಕ್ಕೆ ಜೋಂಪೈರ್ ಎಂದು ಹೆಸರು. ಅದು ಹಾಗಿರಲಿ. ಡಾನ್ ಏನು? ಸನ್ಯಾಸಿಗಳು ಮಂತ್ರದಿಂದ ಮಾಡಿದ ಹುಡುಗಿ. ಮಂತ್ರ ಹೋದರೆ ಡಾನ್ ಎಷ್ಟು ದಿನ? ಮೆಲ್ಲಗೆ ಜ್ವರ, ಸುಸ್ತು, ಆಮೇಲೆ ಅವಳು ಕರಗುತ್ತಾ ಹೋಗುತ್ತಾಳೆ, ಸುತ್ತಲಿನವರು ಅವಳನ್ನು ಮರೆಯುತ್ತಾ ಹೋಗುತ್ತಾರೆ. ಐದನೇ ಸೀಸನ್‌ನಲ್ಲಿ ಯಾರಿಗೋಸ್ಕರ ಬಫಿ ಗೋಪುರದಿಂದ ಹಾರಿ ಸತ್ತಳೋ ಅವಳನ್ನೇ, ತನಗೇ ಗೊತ್ತಿಲ್ಲದೆ, ಅಳಿಸಿ ಹಾಕೋಕೆ ಹೊರಟಿದ್ದಳು. ಡಾನ್ ಉಳಿಯುತ್ತಾಳೆ, ಮಂತ್ರಶಕ್ತಿಯೂ ವಾಪಸ್ ಬರುತ್ತದೆ, ಅದಕ್ಕೆ ಓಡಾಡಿದವರಲ್ಲಿ ವಿಲೋ ಮುಂದೆ. ವಿಲೋ ಕಡೆಯವಳಿಗೆ ಇದು ಸಮಾಧಾನ.

ಇನ್ನೊಂದು. ಅದೇ ಒಂಬತ್ತರಲ್ಲಿ, 2012ರಲ್ಲಿ, ಬಫಿ ಗರ್ಭಿಣಿ ಎಂದು ತಿಳಿದು ಗರ್ಭ ತೆಗೆಸುವ ನಿರ್ಧಾರ ಮಾಡುತ್ತಾಳೆ. ಯಾರ ಅಪ್ಪಣೆಯೂ ಇಲ್ಲ, ಗದ್ದಲವೂ ಇಲ್ಲ, ಸ್ಪೈಕ್ ಜೊತೆಗೆ ಬರುತ್ತೇನೆ ಎನ್ನುತ್ತಾನೆ. ಎಷ್ಟು ಚೆನ್ನಾಗಿ ಬರೆದಿದ್ದರು! ಸ್ವಲ್ಪ ಮುಂದೆ ಓದಿ ನೋಡಿದರೆ ಅವಳು ರೋಬೋಟ್. ಅವಳ ಜೊತೆಗಾರ ಆಂಡ್ರೂ ಅವಳಿಗೆ ತಿಳಿಯದ ಹಾಗೆ ಮನಸ್ಸನ್ನು ರೋಬೋಟ್ ಮೈಗೆ ಹಾಕಿದ್ದನಂತೆ, ಕಾಪಾಡೋಕೆ. ಗರ್ಭ ಅಲ್ಲ, ಯಂತ್ರದ ಎಡವಟ್ಟು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅವಳು ಇಡೀ ಸರಣಿಯಲ್ಲಿ ತನಗಾಗಿ ಮಾಡಿಕೊಂಡ ಒಂದೇ ಒಂದು ತೀರ್ಮಾನವನ್ನು ಬರೆಯುವವರೇ ಕೈಯಿಂದ ಕಿತ್ತುಕೊಂಡರು.

ಅರಸೀಕೆರೆ_ಕೊಬ್ಬರಿ

ಮೊದಲ ಸಲ ಚಾರ್ಮಾಡಿ ಅವರ ಮಾತಿಗೆ ಪೂರ್ತಿ ಒಪ್ಪಿಗೆ. ಆ ರೋಬೋಟ್ ತಿರುವು ಮೋಸ. ಟ್ವಿಲೈಟ್ ಏಂಜೆಲ್ ಎನ್ನುವುದೂ ಹಾಗೇ. ಆ ಗುಟ್ಟು 2010ರ ಜನವರಿಯಲ್ಲಿ ಸಂಚಿಕೆ ಬರುವ ಮೊದಲೇ ಸೋರಿಹೋಗಿತ್ತು, ಆದರೂ ಓದಿದವರಿಗೆ ನಂಬಿಕೆ ಬರಲಿಲ್ಲ, ಯಾಕೆಂದರೆ ಅವನು ಹಾಗೆ ಮಾಡುವವನೇ ಅಲ್ಲ.

ಮಳೆಗಾಲದವರ ಮಾತಿಗೆ ಉತ್ತರ ಕೊಡಬೇಕು ಎಂದು ಎರಡು ಸಲ ಬರೆದು ಅಳಿಸಿದೆ. ನನ್ನ ಹತ್ತಿರ ಇರುವುದು ಇಷ್ಟೇ. ಹಂಚಿದ್ದು ತಪ್ಪು ಎಂದು ಒಪ್ಪುತ್ತೇನೆ, ಹಾಗಾಗಿ ಕಿತ್ತದ್ದೂ ತಪ್ಪು. ಈಗ ನಾನು ಸರಿ ತಾನೆ?

ಮಳೆಗಾಲದ_ಹುಡುಗಿ (ಮೂಡಿಗೆರೆ)

ಲೆಕ್ಕಕ್ಕೆ ಸರಿ. ಆದರೆ ಹಾಗಾದರೆ ಆ ಕೈ ಹಿಡಿದು ನಿಲ್ಲಿಸಿದ ಹುಡುಗಿ ಏಟು ತಿನ್ನುತ್ತಿದ್ದಳು.

ಅರಸೀಕೆರೆ_ಕೊಬ್ಬರಿ

ಹಾಳಾಗಿ ಹೋಗಲಿ. ಹೌದು.

ಬೇಲೂರು_ಬಸ್‌ಸ್ಟ್ಯಾಂಡ್

ಸ್ಕ್ರೀನ್‌ಶಾಟ್ ತೆಗೆದುಕೊಂಡೆ. ಫ್ರೇಮ್ ಹಾಕಿಸುತ್ತೇನೆ.

ನಡುವೆ ಒಂದು ಕೇಳಲೇ? ಲೋಕ ಉಳಿಸಿ, ಎಲ್ಲರ ಬೈಗುಳ ತಿಂದು, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತಂಗಿಯ ಮನೆ ಸೋಫಾದ ಮೇಲೆ ಮಲಗಿಕೊಂಡು ಬಫಿ ಎಲ್ಲಿ ಕೆಲಸಕ್ಕೆ ಸೇರುತ್ತಾಳೆ? ಕಾಫಿ ಅಂಗಡಿಯಲ್ಲಿ! ಬೀಜ ಒಡೆದವಳನ್ನು ಕಾಫಿ ಬೀಜದ ಹತ್ತಿರ ಕೂರಿಸಿದ್ದಾರೆ, ಚಿಕ್ಕಮಗಳೂರಿನವರು ಯಾರೂ ಈ ಜೋಕ್ ಮಾಡಿಲ್ಲವಲ್ಲ, ಹಾಸನದವನೇ ಮಾಡಬೇಕಾಯಿತು.

ಕಾಂಡಕೊರಕ (ಬಾಳೆಹೊನ್ನೂರು ಹತ್ತಿರ)

ಜೋಕ್ ನಮ್ಮದು, ನಾವು ಮಾಡುವಷ್ಟರಲ್ಲಿ ನೆಟ್‌ವರ್ಕ್ ಹೋಗಿತ್ತು.

ಮತ್ತೆ ಒಂದು ವಿಷಯ. ನಿನ್ನೆ ರಾತ್ರಿ ಊಟದ ಹೊತ್ತಿಗೆ ಅಜ್ಜಿಯನ್ನು ಕೇಳಿಯೇಬಿಟ್ಟೆ. ಈಗ ಅವರಿಗೆ 84. ಬಫಿ ವಿಷಯ ಹೇಳಲಿಲ್ಲ. ಆ ವರ್ಷ ಕೆಳಗಿನ ಪಟ್ಟೆ ಕೀಳಿಸುವ ಮೊದಲು ಯಾರನ್ನಾದರೂ ಕೇಳಿದ್ರಾ ಎಂದೆ. "ಕೇಳಿದ್ರೆ ಬೇಡ ಅಂತಿದ್ರು" ಎಂದರು. ಆಮೇಲೆ ಸಾರಿಗೆ ಅನ್ನ ಕಲಸಿಕೊಳ್ಳುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ನಾನು ಎದ್ದು ಕೈ ತೊಳೆಯಲು ಹೋಗುವಾಗ ಕರೆದು ಹೇಳಿದರು. ಆ ವರ್ಷ ಲೈನ್‌ಮನೆಯ ಎರಡು ಸಂಸಾರಕ್ಕೆ ಕೊಯ್ಲಿನ ಕೆಲಸ ಇಲ್ಲದೆ ಬೇರೆ ತೋಟಕ್ಕೆ ಹೋಗಬೇಕಾಯಿತಂತೆ. ಅವರನ್ನು ಕೇಳಬೇಕಿತ್ತು, ಅವರನ್ನು ಕೇಳೋದು ನೆನಪೇ ಆಗಲಿಲ್ಲ ಎಂದರು.

ಇದು ಯಾರ ಕಡೆಯ ಪಾಯಿಂಟ್ ಎಂದು ನನಗೆ ಗೊತ್ತಾಗುತ್ತಿಲ್ಲ. ಹಾಕಿದ್ದೇನೆ.

ಅರಸೀಕೆರೆ_ಕೊಬ್ಬರಿ

ನನ್ನ ಕಡೆ.

ಬೇಲೂರು_ಬಸ್‌ಸ್ಟ್ಯಾಂಡ್

ನನ್ನ ಕಡೆ.

ಟಿವಿ_ಸಾಕು

ಮೊದಲ ಸಂಪುಟ ಯಾರ ಹತ್ತಿರ ಇದೆ? ಹಾಸನಕ್ಕೆ ಶನಿವಾರ ಬರುತ್ತೇನೆ.

ವಿಲೋ_ಕಡೆಯವಳು (ಹಾಸನ)

ನನ್ನ ಹತ್ತಿರ ಇದೆ. ಸಾರಿನ ಕಲೆ ಮಾಡಿ ವಾಪಸ್ ಕೊಟ್ಟರೆ ಮಂತ್ರ ಹಾಕುತ್ತೇನೆ.